ಸಣ್ಣಾಕಿಯ ಸುದ್ದಿ

ಅಥಣಿ
೨ ಜುಲೈ ೨೦೧೨

ಪ್ರೀತಿಯ ಅವ್ವನಿಗೆ,

ಈ ಪತ್ರ ಓದಿ ಹೇಳುತ್ತಿರುವ ಧರಣೇಂದ್ರ ಮಾಸ್ತರರಿಗೆ ಮೊದಲ ನಮಸ್ಕಾರ, ಎರಡನೆಯದು ನಿನಗೆ. ಕಟ್ಟೆಯ ಮೇಲೆ ಕಾಲು ಚಾಚಿ ಕೇಳುತ್ತಿರುವ ಅಕ್ಕುತಾಯಿ ಕಾಕೂಗೂ ಒಂದಿರಲಿ.

ಕೋಣೆ ಸಿಕ್ಕಿತು. ಮನೆಯೊಡತಿ ತಾರಾಬಾಯಿ ಮಾತಿನ ಮಲ್ಲಿ. ನಾನು ದಿನಕ್ಕೆ ಹತ್ತು ಮಾತಾಡಿದರೆ ಉಳಿದ ಸಾವಿರವನ್ನು ಅವರೇ ಆಡಿ ತೂಗಿಸುತ್ತಾರೆ. ಕಾಲೇಜಿನಲ್ಲಿ ಮೊದಲ ಪಾಠ ಮುಗಿಯಿತು. ಅರುವತ್ತು ಮಕ್ಕಳು. ಹದಿನೈದು ನಿಮಿಷ ಹಳಗನ್ನಡ ಹೇಳಿದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, "ಮೇಡಮ್ಮರ, ಬಾಯಿ ಅಲ್ಲಾಡಾಕತ್ತೈತಿ, ಆದ್ರ ಕೇಳಸಾಕತ್ತಿಲ್ರಿ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ದನಿ ಸ್ವಲ್ಪ ಏರಿತು.

ಫೋನ್ ಯಾಕೆ ಮಾಡುವುದಿಲ್ಲ ಎಂದು ಅಪ್ಪ ಕೇಳಿದನಂತೆ. ಜುಗೂಳದಲ್ಲಿ ಫೋನ್ ಹಚ್ಚಿದರೆ ಹೊಳೆಯಾಚೆಯ ಮಹಾರಾಷ್ಟ್ರದ ಟವರು ಹಿಡಿಯುತ್ತದೆ, ರೋಮಿಂಗು. ಅದು ನೆಪ. ನಿಜವೆಂದರೆ ಫೋನಿನಲ್ಲಿ ನನಗೆ ಮಾತೇ ಹೊರಡುವುದಿಲ್ಲ. ನೀನು "ಹಲೋ" ಅನ್ನುತ್ತೀ, ನಾನು "ಹೂಂ" ಅನ್ನುತ್ತೇನೆ, ಅಲ್ಲಿಗೆ ಮುಗಿಯಿತು. ಕಾಗದದ ಮೇಲಾದರೆ ಇಷ್ಟು ಮಾತು ಬರುತ್ತದೆ, ನೋಡು.

ಸಣ್ಣಾಕಿ ಆರಾಮವಾಗಿದ್ದಾಳೆ. (ಮಾಸ್ತರರೇ, ಕಟ್ಟೆಗೆ ಹೊಸಬರು ಯಾರಾದರೂ ಬಂದಿದ್ದರೆ ತಿಳಿಸಿಬಿಡಿ. ಎರಡು ವರ್ಷದ ಹಿಂದೆ ಅವ್ವ ತನ್ನ ಹೊಟ್ಟೆಯಿಂದ ತೆಗೆಸಿ ನನ್ನ ಹೊಟ್ಟೆಗೆ ಹಾಕಿಸಿದ ಕಿಡ್ನಿಗೆ ಅವಳೇ ಇಟ್ಟ ಹೆಸರು ಅದು. ನನಗೆ ತಂಗಿ ಇಲ್ಲದ ಕೊರತೆ ಹೀಗೆ ತುಂಬಿತು.) ಗುಳಿಗೆ ತಪ್ಪಿಸಿಲ್ಲ. ನೀರಿನ ಬಾಟಲಿಯನ್ನು ದಿನವೂ ಕಾಲೇಜಿಗೆ ಒಯ್ಯುತ್ತೇನೆ.

ನಿನ್ನ ಮಗಳು
ನೀಲಮ


ಜುಗೂಳ
೧೧ ಜುಲೈ ೨೦೧೨

ನೀಲಮ,

ಮಾಸ್ತರು 'ಚಿರಂಜೀವಿ ಸೌಭಾಗ್ಯಕಾಂಕ್ಷಿಣಿ' ಅಂತ ಸುರು ಮಾಡಿದ್ರು. ಬ್ಯಾಡ್ರಿ, ನಾ ಹ್ಯಾಂಗ ಅಂತೀನೋ ಹಂಗ ಬರೀರಿ ಅಂದೀನಿ. ಇಲ್ಲಂದ್ರ ಆ ಹುಡುಗಿ ಬ್ಯಾರೇದವರ ಪತ್ರ ಬಂತು ಅಂತ ತಿರಗಿ ಕಳಸತಾಳ.

ನಿಮ್ಮಪ್ಪಗ ಬರಿ ಅಂದ್ರ ಅಂವ ಮರಾಠಿ ಸಾಲ್ಯಾಗ ಕಲತಾಂವ, ಎರಡ ಸಾಲ ಬರದು ಸಹಿ ಹೊಡಿತಾನ, ಪೋಲೀಸರಿಗೆ ಜಬಾಬು ಕೊಟ್ಟಂಗ. ಈಗ ಫ್ಯಾಕ್ಟರ್ಯಾಗ ಸಂಜಿ ಪಾಳಿ. ಊಟಾ ಕಟಗೊಂಡ ಹೋಗ್ಯಾನ.

ಕಬ್ಬಿಗೆ ನೀರ ಹಾಯಸೂ ಕೆಲಸ ನಡದೈತಿ. ಅಕ್ಕುತಾಯಿ ಕಾಕೂ ಕಾಲ ಜಾರಿ ಕಾಲಿವ್ಯಾಗ ಕುಂತಳು. ಎಬ್ಬಸಾಕ ಹೋದ್ರ, "ತಂಪ ಐತಿ, ಸ್ವಲ್ಪ ಇರಲಿ" ಅಂದ್ಳು. ಆಕಿ ಬಾಜೂಕ ಕುಂತಾಳ, ಇದನ್ನ ಬರೀಬ್ಯಾಡ ಅನ್ನಾಕತ್ತಾಳ. ಬರೀರಿ ಮಾಸ್ತರ.

ಬಾಟಲಿ ಒಯ್ಯತೀನಿ ಅಂದಿ. ಕುಡೀತಿ ಏನು? ಬಾಟಲಿ ಒಯ್ಯೂದು ಬ್ಯಾರೆ, ಕುಡಿಯೂದು ಬ್ಯಾರೆ. ಸಣ್ಣಾಕಿಗೆ ನೀರ ಬೇಕಂತ ಡಾಕ್ಟರು ನನ್ನ ಮುಂದ ಅಂದಾರ. ಮತ್ತ ನಿನಗ ಜ್ವರಾ ಗಿರಾ ಏನೂ

ನಿಮ್ಮವ್ವನ ಮಾತನ್ನು ಇಲ್ಲಿಗೆ ತಡೆದೆ, ಹೊತ್ತು ಮುಳುಗುತ್ತಿದೆ. ಸೂರ್ಯಾಸ್ತದೊಳಗೆ ಉಣ್ಣುವುದು ನಮ್ಮ ಜೈನರ ನೇಮ ಎಂಬುದು ನಿನಗೆ ಗೊತ್ತೇ ಇದೆ. ನಿಮ್ಮವ್ವ ಹೊಲದಿಂದ ಬಂದದ್ದೇ ತಡವಾಗಿ, ಅವಳ ಮಾತು ಇನ್ನೂ ಒಂದು ಗಾಡಿ ಇದೆ. ಈ ಸಲಕ್ಕೆ ಇಷ್ಟು.

ಸುಂದರಾಳ ಪರವಾಗಿ
ಧರಣೇಂದ್ರ ಮಾಸ್ತರ


ಅಥಣಿ
೨೧ ಆಗಸ್ಟ್ ೨೦೧೨

ಪ್ರೀತಿಯ ಅವ್ವ,

ಎಲ್ಲ ಕ್ಷೇಮ. ಒಂದು ಸಣ್ಣ ಜ್ವರ ಬಂದು ಹೋಯಿತು. ಊರಿಗೆಲ್ಲ ಬಂದಿದೆ, ಹವೆಯೇ ಹಾಗಿದೆ. ಕೆಲಸ ಹೆಚ್ಚು, ಅದಕ್ಕೆ ಪತ್ರ ಚಿಕ್ಕದು.

ಮಾಸ್ತರರಿಗೆ ನಮಸ್ಕಾರ.

ನೀಲಮ


ಜುಗೂಳ
೩೦ ಆಗಸ್ಟ್ ೨೦೧೨

ನೀಲಮ,

ನಿನ್ನ ಪತ್ರ ಓದಾಕ ಮಾಸ್ತರು ಚಸ್ಮಾ ಒರಸಿದ್ರು, ಹಾಕೊಂಡ್ರು, ಓದಿದ್ರು, ಮುಗೀತು. ಅಕ್ಕುತಾಯಿ ಅಂದ್ಳು, "ಇಷ್ಟಕ್ಕ ನಾ ಒಲಿ ಮ್ಯಾಲಿನ ಹಾಲ ಬಿಟ್ಟ ಬಂದ್ನಿ?"

ನೀ ಸಣ್ಣಕಿದ್ದಾಗ ಏನರ ಮುಚ್ಚಿಟ್ರ ಬಾಗಲ ಹಿಂದ ಹೋಗಿ ನಿಂದರತಿದ್ದಿ. ಕಾಲ ಕಾಣತಿದ್ದುವು. ಈಗೂ ಕಾಣಾಕತ್ತಾವ. ಕಟ್ಟಿ ಮ್ಯಾಲಿನ ಮಂದಿ ಎಲ್ಲಾ ಕೇಳತಾರಂತ ಬರ್ಯಾಕ ಹಿಂದ ಸರ್ಯಾಕತ್ತಿ ಏನು? ನನಗ ಓದಾಕ ಬಂದಿದ್ರ ಇದೆಲ್ಲಾ ತ್ರಾಸ ಇರತಿದ್ದಿಲ್ಲ. ಅಕ್ಷರ ಕಲಿಯೂ ವಯಸ್ಸಿನ್ಯಾಗ ನಾ ಮುಗಳಖೋಡದಾಗ ಎಮ್ಮಿ ಕಾಯ್ದ್ನಿ. ಎಮ್ಮಿ ಏನ ಕಲಸ್ತಾವ.

ಖರೇ ಹೇಳ. ಸಣ್ಣಾಕಿ ಹ್ಯಾಂಗದಾಳ?

ನಿನ್ನ ಅವ್ವ
(ಬರೆದವನು ಧರಣೇಂದ್ರ ಮಾಸ್ತರ. ಇಂದು ಹೊತ್ತು ಇನ್ನೂ ಇತ್ತು, ನಿಮ್ಮವ್ವನೇ ಇಷ್ಟು ಸಾಕು ಎಂದಳು.)


ಅಥಣಿ
೧೦ ಅಕ್ಟೋಬರ್ ೨೦೧೨

ಪ್ರೀತಿಯ ಅವ್ವ,

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಮಾಸ್ತರರೇ, ಮುಂದಿನದನ್ನು ಅವ್ವನಿಗೆ ಹೇಗೆ ಓದಿ ಹೇಳುವುದೋ ನಿಮಗೆ ಬಿಟ್ಟದ್ದು. ನನಗೆ ಬೇರೆ ದಾರಿ ಕಾಣಲಿಲ್ಲ.

ಅವ್ವ, ನಾನು ಸುಳ್ಳು ಬರೆದೆ. ಜುಲೈಯಿಂದ ಮೂರು ಸಲ ಚಳಿಜ್ವರ ಬಂತು. ಮೂತ್ರಕ್ಕೆ ಕೂತಾಗಲೆಲ್ಲ ಬಲಗಡೆ ಕಿಬ್ಬೊಟ್ಟೆಯಲ್ಲಿ, ಸಣ್ಣಾಕಿ ಇರುವಲ್ಲಿ, ಒಳಗಿನಿಂದ ಯಾರೋ ಒತ್ತಿದ ಹಾಗೆ ನೋವು. ಬರೆಯಲಿಲ್ಲ. ಕಟ್ಟೆಯ ಮೇಲೆ ಮಾಸ್ತರರು 'ಮೂತ್ರ' ಎಂದು ಗಟ್ಟಿಯಾಗಿ ಓದುವುದನ್ನು ನೆನೆಸಿಕೊಂಡರೆ ಕೈ ಮುಂದೆ ಹೋಗುತ್ತಿರಲಿಲ್ಲ.

ಇನ್ನೊಂದು ಸುಳ್ಳೂ ಇದೆ. ಬಾಟಲಿ ಒಯ್ಯುತ್ತಿದ್ದೆ, ಕುಡಿಯುತ್ತಿರಲಿಲ್ಲ. ಕಾಲೇಜಿನಲ್ಲಿ ಹೆಂಗಸರ ಪಾಯಖಾನೆಗೆ ಕೀಲಿ ಹಾಕಿರುತ್ತಾರೆ. ಕೀಲಿ ಜವಾನ ಅಪ್ಪಾಸಾಬನ ಸೊಂಟದಲ್ಲಿ. ಅವನು ಕೂರುವುದು ಸ್ಟಾಫ್ ರೂಮಿನ ಬಾಗಿಲಲ್ಲಿ. ಒಳಗೆ ಆರು ಜನ ಗಂಡಸರು. ಅವರ ಮುಂದೆ ನಿಂತು ಆ ಕೀಲಿ ಕೇಳಲಾರದೆ ಹತ್ತರಿಂದ ನಾಲ್ಕರವರೆಗೆ ಹಿಡಿದುಕೊಂಡಿರುತ್ತಿದ್ದೆ.

ಮೂರನೆಯ ಜ್ವರಕ್ಕೆ ತಾರಾಬಾಯಿ ನನ್ನನ್ನು ಬಸ್ಸಿಗೆ ಹತ್ತಿಸಿ ಬೆಳಗಾವಿಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಪರೀಕ್ಷೆ. ಸಣ್ಣ ನಳಿಗೆಯಿಂದ ಮೂತ್ರಚೀಲಕ್ಕೆ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ಔಷಧ ತುಂಬಿಸಿ, ಮಷೀನಿನ ಕೆಳಗೇ ಮೂತ್ರ ಮಾಡು ಅನ್ನುತ್ತಾರೆ. ಗಾಜಿನ ಆಚೆ ಇಬ್ಬರು. ನಲವತ್ತು ನಿಮಿಷ ಆಯಿತು, ಒಂದು ಹನಿ ಇಲ್ಲ. ಕೊನೆಗೆ ಸಿಸ್ಟರು ಬಂದು, "ತಂಗಿ, ನಾಚಿಕಿ ಅನ್ನೂದನ್ನ ಚಪ್ಪಲಿ ಸಂಗಾಟ ಹೊರಗ ಬಿಟ್ಟ ಬರಬೇಕ ಇಲ್ಲಿ" ಎಂದು ಮೂಲೆಯ ನಲ್ಲಿ ತಿರುವಿ ಹೋದರು. ನಲ್ಲಿಯ ಸದ್ದು ಕೇಳುತ್ತ ಕಣ್ಣು ಮುಚ್ಚಿದೆ. ನಮ್ಮ ಕಾಲಿವೆಯ ನೀರೇ ಹರಿದಂತೆ ಅನಿಸಿತು. ಆಯಿತು.

ಡಾಕ್ಟರ್ ವಿಕ್ರಾಂತ ಫಿಲ್ಮ್ ತೋರಿಸಿದರು. ಮೂತ್ರ ಕೆಳಗೆ ಹೋಗುವಾಗಲೇ ಒಂದು ಪಾಲು, ಕಿಡ್ನಿಯಿಂದ ಚೀಲಕ್ಕೆ ಇಳಿಯುವ ನಳಿಗೆ ಹಿಡಿದು ಮೇಲಕ್ಕೆ, ಸಣ್ಣಾಕಿಯವರೆಗೆ ಏರುತ್ತಿತ್ತು. ಬಿಳಿ ಬಳ್ಳಿಯ ಹಾಗೆ. ನೋಡಲು ಚಂದ, ಆದರೆ ಅದೇ ರೋಗ. ಹೊಳೆಯ ಮೋಟರಿನ ಪೈಪಿನ ತಳದಲ್ಲಿ ಫುಟ್‌ವಾಲ್ ಇರುತ್ತದಲ್ಲ, ಏರಿದ ನೀರು ತಿರುಗಿ ಹೊಳೆಗೆ ಬೀಳದ ಹಾಗೆ ತಡೆಯುವುದು, ಅಂಥದೊಂದು ತಡೆ ಚೀಲದ ಬಾಯಲ್ಲಿ ಬೇಕು. ನನ್ನದು ಸಡಿಲ. ಹಿಂದಕ್ಕೆ ಏರಿದ ಮೂತ್ರದ ಜೊತೆ ಸೋಂಕು ಏರುತ್ತದೆ, ಜ್ವರ ಬರುತ್ತದೆ. ಹೀಗೇ ಬಿಟ್ಟರೆ ಕೆಲವು ವರ್ಷದಲ್ಲಿ ಕಿಡ್ನಿ ಸೊರಗಿಹೋಗುತ್ತದೆ ಎಂದರು. "ಸಡಿಲಾಗಿದ್ದು ನಿಮ್ಮ ತಪ್ಪಲ್ಲ, ಹಿಡಿದಿಟ್ಟುಕೊಂಡದ್ದು ನಿಮ್ಮ ತಪ್ಪು" ಎಂದೂ ಹೇಳಿದರು.

ಎರಡು ದಾರಿ ಇವೆ. ಒಂದು, ಹೊಟ್ಟೆಯನ್ನು ಮತ್ತೆ ಕೊಯ್ದು ನಳಿಗೆಯನ್ನು ಬೇರೆ ಕಡೆ ಜೋಡಿಸುವುದು. ಇನ್ನೊಂದು, ಕೊಯ್ಯದೆಯೇ ಮೂತ್ರದ ದಾರಿಯಿಂದ ಸಣ್ಣ ದುರ್ಬೀನು ಒಳಗೆ ಬಿಟ್ಟು, ನಳಿಗೆಯ ಬಾಯಿಯ ಬುಡಕ್ಕೆ ಸೂಜಿಯಿಂದ ಅಂಟಿನಂಥ ಔಷಧ ಚುಚ್ಚುವುದು. ಅಲ್ಲೊಂದು ಸಣ್ಣ ಉಬ್ಬು ಏಳುತ್ತದೆ, ಬಾಯಿ ಕಿರಿದಾಗುತ್ತದೆ. ಮರುದಿನವೇ ಮನೆಗೆ. ಆದರೆ ಅದು ಹತ್ತರಲ್ಲಿ ಐದಾರು ಜನಕ್ಕೆ ಮಾತ್ರ ಮೊದಲ ಸಲಕ್ಕೇ ಹಿಡಿಯುತ್ತದಂತೆ. ನನ್ನದು ಜೋಡಿಸಿದ ನಳಿಗೆ, ಅದರ ಬಾಯಿ ಚೀಲದ ಮೇಲುಭಾಗದಲ್ಲಿದೆ, ಸೂಜಿ ಮುಟ್ಟಿಸುವುದೂ ಸುಲಭವಲ್ಲ.

ನೀನು ಕೊಟ್ಟದ್ದನ್ನು ನಾನು ಒಂದು ಕೀಲಿ ಕೇಳುವ ನಾಚಿಕೆಗೆ ಕಳೆದುಕೊಳ್ಳುತ್ತಿದ್ದೆ. ಬೈದು ಬರೆಸು.

ನೀಲಮ


ಜುಗೂಳ
೧೬ ಅಕ್ಟೋಬರ್ ೨೦೧೨

ಖೋಡಿ,

ಬೈಯೂದು ಆಮ್ಯಾಲ. ಮೊದಲ ನಿನ್ನೆ ನಡದದ್ದ ಕೇಳ.

ನಿನ್ನೆ ಅಮಾಸಿ, ಹೊಲಕ್ಕ ಸೂಟಿ. ನಿನ್ನ ಪತ್ರ ದಪ್ಪ ಬಂದೈತಿ ಅಂತ ಕಟ್ಟಿ ತುಂಬ ಮಂದಿ. ಮಾಸ್ತರು ಓದಾಕ ಸುರು ಮಾಡಿದ್ರು. "ನಾಲ್ಕು ಸಲ ಬರೆದು ಹರಿದಿದ್ದೇನೆ" ತನಕ ಓದಿ ನಿಂತ್ರು. ಕಣ್ಣ ಮುಂದ ಓಡ್ಯಾವ, ಬಾಯಿ ಬಂದ್. ಪತ್ರ ಮಡಿಚಿ ಕಿಸೇದಾಗ ಇಟಗೊಂಡು, "ಹೊತ್ತು ಮುಳುಗಾಕ ಬಂತು, ನಾ ಊಟಕ್ಕ ಹೋಗಬೇಕು" ಅಂದ್ರು.

ಮೂರೂವರಿ ಆಗಿತ್ತು ನೀಲಮ. ಬಿಸಲ ನೆತ್ತಿ ಸುಡಾಕತ್ತಿತ್ತು. ಅಕ್ಕುತಾಯಿ ಆಕಾಶ ನೋಡಿದ್ಳು, ಮಾಸ್ತರನ ನೋಡಿದ್ಳು, "ಗುರೂಜಿಗೆ ಬಿಸಲ ಬಡದೈತಿ, ಹಿಡೀರಿ" ಅಂದ್ಳು. ಮಂದಿ ಎದ್ದ ಹೋತು. ತಾಸ ಬಿಟ್ಟ ಮಾಸ್ತರು ನನ್ನ ಹೊಳಿ ದಂಡಿಗೆ ಕರದು, ನೀರ ಕಡೆ ಮಾರಿ ಮಾಡಿ ನಿಂತು, ಎಲ್ಲಾ ಓದಿ ಹೇಳಿದ್ರು. ನನ್ನ ಕಡೆ ಒಮ್ಮಿನೂ ತಿರಗಿ ನೋಡ್ಲಿಲ್ಲ.

ಈಗ ಬೈತೀನಿ. ನಾಚಿಕಿ ನನಗೂ ಐತಿ. ಆದ್ರ ನಾಚಿಕಿಗೆ ಉಣ್ಣಾಕ ಹಾಕಬಾರದು, ಅದು ಎಮ್ಮಿ ಅಲ್ಲ, ಹಾಲ ಕೊಡೂದಿಲ್ಲ. ಕೊಟ್ಟದ್ದು ಕಳೀತಿದ್ನಿ ಅಂತ ಬರದಿ. ಕೊಟ್ಟ ಮ್ಯಾಲ ಆಕಿ ನಿನ್ನಾಕಿ. ನನ್ನ ಸಲುವಾಗಿ ಅಲ್ಲ, ನಿನ್ನ ಸಲುವಾಗಿ ಜ್ವಾಕಿ ಮಾಡ.

ಮುಂಜಾನೆ ನಾನ ಹೊಲದಾಗ ಎಲ್ಲಾ ಹೆಣ್ಣಮಕ್ಕಳಿಗೆ ಹೇಳೀನಿ. ಹೌದು, ಹೇಳೀನಿ. ಸಿಟ್ಟ ಮಾಡಕೋಬ್ಯಾಡ. ಕೇಳಿ ಅಕ್ಕುತಾಯಿ ಅಂದ್ಳು, "ಇದಕ್ಕ ಇಷ್ಟ ಗುಟ್ಟ ಏನಬೇ? ನಾವು ಮುಂಜಾನಿಂದ ಸಂಜಿತನಕ ನೀರ ಮುಟ್ಟೂದಿಲ್ಲ, ಯಾಕ? ಬಾಜೂಕ ಗಂಡಸರು ಕಬ್ಬಿನ ರವದಿ, ಒಣ ಎಲಿ, ಸುಲಿತಿರತಾರ ಅಂತ. ಇಪ್ಪತ್ತ ವರ್ಷದಿಂದ ಹಿಡಕೊಂಡ ಬಂದೀನಿ." ಒಬ್ಬೊಬ್ಬಾಕಿನ ಹೇಳಿದ್ರು. ಉರಿ, ಜ್ವರ, ಸೊಂಟ ನೋವು. ಇಷ್ಟ ವರ್ಷ ಬಾಜೂಕ ಬಾಜೂಕ ಕುಂತೇವು, ಯಾರೂ ಬಾಯಿ ಬಿಟ್ಟಿದ್ದಿಲ್ಲ.

ಡಾಕ್ಟರು ಹೇಳಿದ್ದು ನನಗ ತಿಳೀತು. ಕಾಲಿವಿ ಬಾಯಿ ಅಗಲಾದ್ರ ನೀರ ಹಿಂದ ತಿರಗತೈತಿ. ಒಂದ ಸಲಿಕಿ ಮಣ್ಣ ಬಾಯಿಗೆ ಹಾಕಿದ್ರ ನೆಟ್ಟಗ ಆಗತೈತಿ. ಒಮ್ಮೊಮ್ಮಿ ಮೊದಲ್ನೇ ಸಲಿಕಿ ಕೊಚ್ಚಿ ಹೋಗತೈತಿ, ಎರಡನೇದು ಹಾಕಬೇಕು. ಅಷ್ಟಕ್ಕ ಯಾರೂ ಹೊಲಾ ಅಗಿಯೂದಿಲ್ಲ. ಕೊಯಿಸಿಕೋಬ್ಯಾಡ. ಸೂಜೀದು ಮಾಡಸು. ನಾ ಬರತೀನಿ, ಯಾವ ದಿನಾ ಅಂತ ತಿಳಸು.

ನಿನ್ನ ಅವ್ವ

ಚಿ. ನೀಲಮ, ಒಂದು ಮಾತು. ಅಸತ್ಯ ಆಡಬಾರದೆಂಬ ನೇಮವೂ ನನಗಿದೆ. ಆದ್ದರಿಂದ ಊಟಕ್ಕೆ ಹೋಗಬೇಕು ಎಂದ ಮೇಲೆ ಮನೆಗೆ ಹೋಗಿ ನಿಜವಾಗಿಯೂ ಊಟ ಮಾಡಿದೆ. ಮಧ್ಯಾಹ್ನದ ಊಟ ಹೊಟ್ಟೆಯಲ್ಲೇ ಇತ್ತು. ನಮ್ಮ ಮನೆಯವಳು ಇನ್ನೂ ಕಾರಣ ಕೇಳುತ್ತಿದ್ದಾಳೆ.
ಧ. ಮಾ.


ಅಥಣಿ
೨೦ ನವೆಂಬರ್ ೨೦೧೨

ಪ್ರೀತಿಯ ಅವ್ವ,

ನೀನು ಬಸ್ಸು ಹತ್ತಿ ಐದು ದಿನವಾಯಿತು. ತಾರಾಬಾಯಿ ಇನ್ನೂ ನಿನ್ನ ಮಾತನ್ನೇ ಆಡುತ್ತಿದ್ದಾರೆ. ತಮ್ಮನ್ನು ಮಾತಿನಲ್ಲಿ ಸೋಲಿಸಿದವಳನ್ನು ಮೊದಲ ಸಲ ಕಂಡರಂತೆ.

ಕಟ್ಟೆಯವರಿಗೆ ನೀನು ಹೇಳಿದ್ದರಲ್ಲಿ ಬಣ್ಣ ಸೇರಿರುತ್ತದೆ, ಅದಕ್ಕೆ ನಾನು ಕಂಡದ್ದನ್ನೂ ಬರೆಯುತ್ತೇನೆ. ಸೂಜಿ ಚುಚ್ಚಿಸಿಕೊಳ್ಳಲು ಒಳಗೆ ಹೋದದ್ದು ಹತ್ತಕ್ಕೆ, ಹೊರಗೆ ಬಂದದ್ದು ಹತ್ತೂ ಮುಕ್ಕಾಲಿಗೆ. ಎಚ್ಚರವಾದಾಗ ನೀನು ನನ್ನ ಹೊದಿಕೆ ಎತ್ತಿ ಹೊಟ್ಟೆಯನ್ನೆಲ್ಲ ಹುಡುಕುತ್ತಿದ್ದೆ. ಡಾಕ್ಟರ್ ವಿಕ್ರಾಂತ ಬಂದಾಗ ಕೇಳಿದ್ದು ವಾರ್ಡಿಗೆಲ್ಲ ಕೇಳಿಸಿತು.

"ಸಾಹೇಬರ, ಹೊಲಿಗಿ ಎಲ್ಲೈತ್ರಿ?"

"ಹೊಲಿಗಿ ಇಲ್ಲವ್ವಾ."

"ಮತ್ತ ಏನ ಮಾಡಿದ್ರಿ ಒಳಗ? ಬರೇ ನೋಡಿ ಕಳಸಿದ್ರ್ಯೋ?"

ಅವರು ಕುರ್ಚಿ ಎಳೆದುಕೊಂಡು ಕೂತು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ನೀನು ಸಲಿಕೆ ಮಣ್ಣಿನ ಮಾತು ಹೇಳಿದೆ. ಅವರು ಪೆನ್ನು ಮುಚ್ಚಿ, "ಮೆಡಿಕಲ್ ಹುಡುಗರಿಗೆ ನಾ ಇನ್ನಮ್ಯಾಲ ಹಿಂಗ ಹೇಳತೀನಿ" ಅಂದರು. ನಿನ್ನ ಮುಖ ಆಗ ನೋಡಬೇಕಿತ್ತು.

ಆಸ್ಪತ್ರೆಯ ಗೇಟು ದಾಟುವಾಗ ಎರಡು ವರ್ಷದ ಹಿಂದಿನದು ನೆನಪಾಯಿತು. ದೊಡ್ಡ ಆಪರೇಷನ್ನಿನ ಹಿಂದಿನ ದಿನ ನೀನು ಬಾಳೆಹಣ್ಣು ತರುತ್ತೇನೆಂದು ಹೋಗಿ ಎರಡು ತಾಸಿಗೆ ಬಂದೆ, ಅದೂ ಬರಿಗೈಯಲ್ಲಿ. ಎಲ್ಲಿಗೆ ಹೋಗಿದ್ದೆ ಎಂದು ಈ ಸಲ ಕೇಳಿದರೂ ನಕ್ಕು ಬೇರೆ ಮಾತು ತೆಗೆದೆ. ಇರಲಿ.

ಕಾಲೇಜಿನ ಸುದ್ದಿ. ಶುಕ್ರವಾರ ಸ್ಟಾಫ್ ರೂಮಿನ ನಡುವೆ ನಿಂತು ಪ್ರಿನ್ಸಿಪಾಲ್ ಶ್ರೀಪಾಲ ಸರ್ ಅವರಿಗೆ ಹೇಳಿದೆ: "ಸರ್, ನನಗೆ ಎರಡು ತಾಸಿಗೊಮ್ಮೆ ಮೂತ್ರಕ್ಕೆ ಹೋಗಬೇಕು. ಕೀಲಿ ನನ್ನ ಹತ್ತಿರ ಇರಲಿ." ದನಿ ಈ ಸಲ ಕೇಳಿಸಿತು. ಆರೂ ಜನ ಒಮ್ಮೆಲೇ ತಲೆ ತಗ್ಗಿಸಿ ಉತ್ತರಪತ್ರಿಕೆ ತಿದ್ದತೊಡಗಿದರು. ಶ್ರೀಪಾಲ ಸರ್ ಟೇಬಲ್ಲಿನ ಮೇಲಿನ ಪೇಪರ್‌ವೇಟನ್ನು ಎಡಗಡೆಯಿಂದ ಬಲಗಡೆಗೆ ಇಟ್ಟರು. ಅಪ್ಪಾಸಾಬನೇ ಎದ್ದು ಬಂದ. "ಮೇಡಮ್ಮರ, ಒಳಗ ಚಿಲಕ ಐತಲ್ರಿ, ಹೊರಗ ಕೀಲಿ ಯಾಕ ಬೇಕ? ಹಿಂದಿನ ಸಾಹೇಬರು ಹಾಕ ಅಂದಿದ್ರು, ತೆಗಿ ಅಂತ ಯಾರೂ ಅನ್ಲಿಲ್ಲ, ಹಾಕೊಂಡ ಬಂದ್ನಿ" ಎಂದು ಬೀಗವನ್ನೇ ತೆಗೆದುಬಿಟ್ಟ. ಈಗ ಮಧ್ಯಾಹ್ನ ಅಲ್ಲಿ ಹುಡುಗಿಯರ ಸಾಲು. ನನ್ನ ಮಾತು ಕೇಳಿಸುವುದಿಲ್ಲ ಎಂದಿದ್ದ ಹುಡುಗಿ ನಿನ್ನೆ ಆ ಸಾಲಿನಲ್ಲಿ ನನಗೆ ಜಾಗ ಬಿಟ್ಟುಕೊಟ್ಟಳು.

ಐವತ್ತು ದಿನದಿಂದ ಜ್ವರವಿಲ್ಲ. ಫೆಬ್ರುವರಿಯಲ್ಲಿ ಮತ್ತೆ ಆ ಪರೀಕ್ಷೆ. ತಡೆ ನಿಂತಿದೆಯೋ ಇಲ್ಲವೋ ಆಗಲೇ ಗೊತ್ತಾಗುವುದು.

ನೀಲಮ


ಜುಗೂಳ
೯ ಜನವರಿ ೨೦೧೩

ನೀಲಮ,

ಕಬ್ಬಿನ ಕಟಾವು ಜೋರ ಐತಿ. ನಿನಗೊಂದ ಸುದ್ದಿ. ಹೊಲದ ತುದಿಗೆ ನಾವು ಹೆಣ್ಣಮಕ್ಕಳು ಹಳೇ ಸೀರಿ ಕಟ್ಟಿ ಮರೆ ಮಾಡೇವಿ. ಎರಡ ತಾಸಿಗೊಮ್ಮಿ ಅಕ್ಕುತಾಯಿ ಕುಡಗೋಲಲೆ ಕೊಡಾ ಬಡದು, "ನೀಲಮನ ಗಂಟಿ ಆತು" ಅಂತ ಒದರತಾಳ. ಎಲ್ಲಾರೂ ಕೆಲಸ ಬಿಟ್ಟು, ಹೋಗಿ ಬಂದು, ಒಂದೊಂದ ತಂಬಗಿ ನೀರ ಕುಡೀತಾರ. ಕೆಲಸ ನೋಡೂ ಮುಕಾದಮ ಕೇಳಿದಾ, ಇದ್ಯಾವ ಗಂಟಿ ಅಂತ. "ನಿಮಗ ಅಲ್ಲ, ನೀವ ಕಬ್ಬ ನೋಡ್ರಿ" ಅಂದ್ಳು.

ನಿನ್ನ ಹೆಸರಲೆ ಊರಾಗಿನ ಹೆಂಗಸರೆಲ್ಲಾ ಹಿಂಗ ಎದ್ದ ಹೋಗತಾರ ಅಂದ್ರ ನಿನಗ ನೆಲಾ ಒಡದು ಒಳಗ ಹೋಗೂವಂಗ ಆಗಿರಬೇಕು. ಹೋಗಬ್ಯಾಡ. ಫೆಬ್ರುವರಿಗೆ ಆಸ್ಪತ್ರಿಗೆ ಹೋಗೂದೈತಿ.

ಸಣ್ಣಾಕಿಗೆ ಮುದ್ದ.

ನಿನ್ನ ಅವ್ವ

ನಿಮ್ಮವ್ವ ಈಚೆಗೆ ನಾನು ಬರೆಯುವಾಗ ಪಕ್ಕದಲ್ಲೇ ಕೂತು ಪೆನ್ನಿನ ತುದಿ ಎಲ್ಲಿ ತಿರುಗುತ್ತದೆ ಎಂದು ನೋಡುತ್ತಿರುತ್ತಾಳೆ. ನಿನ್ನೆ, ಶಾಲೆಯಲ್ಲಿ ಬರೆಯುತ್ತಿದ್ದ ನನ್ನ ಹಳೆಯ ಪಾಟಿ ಕೇಳಿ ಒಯ್ದಳು. ಯಾಕೆ ಎಂದರೆ ರೊಟ್ಟಿಯ ಹಿಟ್ಟು ಮುಚ್ಚಲು ಎಂದಳು.
ಧ. ಮಾ.


ಅಥಣಿ
೧೮ ಫೆಬ್ರುವರಿ ೨೦೧೩

ಪ್ರೀತಿಯ ಅವ್ವ,

ಪರೀಕ್ಷೆ ಆಯಿತು. ಈ ಸಲ ನಲ್ಲಿ ತಿರುವಬೇಕಾಗಲಿಲ್ಲ, ಎರಡೇ ನಿಮಿಷ. ಅದೇ ಸಿಸ್ಟರು, "ಭಾಳ ಶಾಣ್ಯಾಕಿ ಆಗಿ" ಅಂದರು.

ಆದರೆ ನೀರು ಇನ್ನೂ ಏರುತ್ತಿದೆ. ಮೊದಲು ಸಣ್ಣಾಕಿಯವರೆಗೆ ಹೋಗುತ್ತಿದ್ದದ್ದು ಈಗ ನಳಿಗೆಯ ಅರ್ಧಕ್ಕೆ ನಿಲ್ಲುತ್ತದೆ. ಉಬ್ಬು ಒಂದು ಬದಿಗೆ ತಗ್ಗಿದೆಯಂತೆ. ಡಾಕ್ಟರು ಮಾರ್ಚಿನಲ್ಲಿ ಇನ್ನೊಂದು ಸಲ ಚುಚ್ಚೋಣ ಎಂದರು. ಅದೂ ನಿಲ್ಲದಿದ್ದರೆ ಕೊಯ್ಯಲೇಬೇಕು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಸ್ವಲ್ಪ ಅತ್ತೆ. ತಾರಾಬಾಯಿ ಆಗ ಒಂದೂ ಮಾತಾಡಲಿಲ್ಲ, ಅದು ದೊಡ್ಡದು. ಆಮೇಲೆ ನಿನ್ನ ಮಾತು ನೆನಪಾಯಿತು: ಮೊದಲನೆಯ ಸಲಿಕೆ ಕೊಚ್ಚಿಹೋದರೆ ಎರಡನೆಯದು. ಎದ್ದೆ. ಇಬ್ಬರೂ ಕಬ್ಬಿನ ಹಾಲು ಕುಡಿದು ಬಸ್ಸು ಹತ್ತಿದೆವು.

ಕಟಾವಿನ ನಡುವೆ ಓಡಿ ಬರಬೇಡ. ನಾನು ಹೋಗಿ ಬರುತ್ತೇನೆ. ನನಗೀಗ ಬಾಯಿಬಿಟ್ಟು ಕೇಳಲು ಬರುತ್ತದೆ.

ನೀಲಮ


ಅಥಣಿ
೧೨ ಜೂನ್ ೨೦೧೩

ಪ್ರೀತಿಯ ಅವ್ವ,

ಮಾಸ್ತರರೇ, ಇದನ್ನು ಕಟ್ಟೆಯ ಮೇಲೆ, ನಡುಹಗಲಲ್ಲಿ, ಆದಷ್ಟು ಗಟ್ಟಿಯಾಗಿ ಓದಬೇಕು.

ಮಾರ್ಚಿನಲ್ಲಿ ಎರಡನೆಯ ಸಲ ಚುಚ್ಚಿದರಲ್ಲ, ಅದರ ಪರೀಕ್ಷೆ ನಿನ್ನೆ ಆಯಿತು. ಚೀಲ ತುಂಬಿಸಿದರು. ನಾನು ಮೂತ್ರ ಮಾಡಿದೆ. ಗಾಜಿನ ಆಚೆ ಡಾಕ್ಟರ್ ವಿಕ್ರಾಂತ ತಾವೇ ನಿಂತಿದ್ದರು. ನಾನು ಪರದೆಯತ್ತ ಕತ್ತು ತಿರುಗಿಸಿ ನೋಡಿದೆ. ಬೆಳ್ಳನೆಯ ನೀರು ಕೆಳಗೆ ಹೋಯಿತು. ಮೇಲಕ್ಕೆ ಒಂದು ಎಳೆಯೂ ಇಲ್ಲ. ಸಣ್ಣಾಕಿಯ ಕಡೆ ಎಲ್ಲ ಕಪ್ಪು, ಶಾಂತ, ಏನೂ ಕಾಣಿಸುವುದಿಲ್ಲ. ಏನೂ ಕಾಣದಿರುವುದು ಇಷ್ಟು ಚಂದ ಎಂದು ನನಗೆ ಗೊತ್ತಿರಲಿಲ್ಲ.

ಡಾಕ್ಟರು ಒಳಗೆ ಬಂದು, "ನಿಮ್ಮವ್ವಗ ಹೇಳ್ರಿ, ಎರಡನೇ ಸಲಿಕಿ ನಿಂತೈತಿ ಅಂತ" ಅಂದರು. ಮೈಮೇಲೆ ಅರ್ಧ ಹೊದಿಕೆ, ಸುತ್ತ ನಾಲ್ಕು ಜನ. ನಾನು ಎದ್ದು ಕೂತು ಎಲ್ಲರಿಗೂ ಕೈ ಮುಗಿದೆ. ನಾಚಿಕೆ ಎಂಬುದು ಆಮೇಲೆ, ಬಸ್ಸಿನಲ್ಲಿ ನೆನಪಾಯಿತು.

ರಾತ್ರಿಯ ಗುಳಿಗೆಗಳಲ್ಲಿ ಒಂದನ್ನು ನಿಲ್ಲಿಸಿದ್ದಾರೆ. ಕಾಲೇಜಿನಲ್ಲಿ ಈ ವರ್ಷವೂ ಬನ್ನಿ ಎಂದಿದ್ದಾರೆ. ಅಪ್ಪಾಸಾಬ ಬಾಗಿಲಿಗೆ ಹೊಸ ಬಣ್ಣ ಹೊಡೆಸಿದ್ದಾನೆ. ಅಕ್ಕುತಾಯಿ ಕಾಕೂಗೆ ಹೇಳು, ಗಂಟೆ ನಿಲ್ಲಿಸಬಾರದು.

ನಿನ್ನ ಮಗಳು
ನೀಲಮ


ಜುಗೂಳ
೨೦ ಜೂನ್ ೨೦೧೩

ನೀಲಮ,

ಇದು ನಾನ ಬರದದ್ದು. ಮಾಸ್ತರು ಬರದದ್ದು ಅಲ್ಲ. ಆರ ತಿಂಗಳ ಪಾಟಿ ಮ್ಯಾಲ ಬರದೀನಿ. ಒತ್ತಕ್ಷರ ಕೊಡೂದು ತ್ರಾಸ. ಸಾವಕಾಶ ಓದ.

ಪತ್ರ ಕಟ್ಟಿ ಮ್ಯಾಲ ಓದಿದ್ರು. ಅಕ್ಕುತಾಯಿ ಕೊಡಾ ಬಡದಳು. ಕೊಡಕ್ಕ ತಗ್ಗ ಬಿತ್ತು. ನಿಮ್ಮಪ್ಪ ಪಾಳಿ ಬಿಟ್ಟ ಬಂದು ಪೇಢೆ ಹಂಚಿದಾ. ಮಾಸ್ತರು ಎರಡ ತಿಂದ್ರು.

ಈಗ ಒಂದ ಮಾತು. ಇದನ್ನ ಮಾಸ್ತರ ಕೈಲೆ ಬರಸಾಕ ಬರತಿದ್ದಿಲ್ಲ. ಅದಕ್ಕ ಅಕ್ಷರ ಕಲತೀನಿ.

ಬಾಳಿಹಣ್ಣಿನ ಸುದ್ದಿ ಕೇಳಿದ್ಯಲ್ಲ. ಅವತ್ತ ನಾ ಬಾಳಿಹಣ್ಣಿಗೆ ಹೋಗಿದ್ದಿಲ್ಲ. ನನಗ ಅಂಜಿಕಿ ಬಂತು. ಹೊಟ್ಟಿ ಕೊಯ್ತಾರಂತ ಅಂಜಿಕಿ. ನಮ್ಮ ಊರ ಬಸ್ ಹತ್ತಿ ಕುಂತೆ. ಮನಿಗೆ ಓಡಿ ಹೋಗಬೇಕಂತ. ಬಸ್ ಬೆಳಗಾವಿ ದಾಟಿತು. ಬಾಜೂಕ ಒಂದ ಹುಡುಗಿ ಕುಂತಿತ್ತು. ನಿನ್ನಂಗ ಮಾತಿಲ್ಲ. ಕಿಡಕಿ ಹೊರಗ ನೋಡತಿತ್ತು. ನಾ ಎದ್ದು ಬಸ್ ನಿಂದರಸ ಅಂದೆ. ಇಳದೆ. ಬಿಸಲಾಗ ನಡಕೋತ ತಿರಗಿ ಬಂದೆ. ಅದಕ್ಕ ಎರಡ ತಾಸ.

ಎಲ್ಲಾರೂ ನನಗ ಗಟ್ಟಿಗಿತ್ತಿ ಅಂತಾರ. ನೀನೂ ಅಂತಿ. ನಾ ಓಡಿ ಹೋದಾಕಿ. ತಿರಗಿ ಬಂದಾಕಿ. ಎರಡೂ ನಾನ. ನಿನಗ ಗೊತ್ತಿರಲಿ. ಇನ್ನ ನಿನ್ನ ಮುಂದ ನಂದೂ ಏನೂ ಮುಚ್ಚಿಟ್ಟದ್ದಿಲ್ಲ.

ಬರದು ನಗು ಬಂತು. ನಿಮ್ಮಪ್ಪ ಯಾಕ ನಗತಿ ಅಂದಾ. ಹೇಳಲಿಲ್ಲ.

ಹೊತ್ತು ಮುಳುಗಿತು. ಮಾಸ್ತರು ಉಂಡು ಮನ್ಯಾಗ ಕುಂತಾರ. ನಾ ದೀಪ ಹಚ್ಚೀನಿ. ಇನ್ನೂ ಬರಿಯಾಕತ್ತೀನಿ.

ನಿನ್ನ ಅವ್ವ
ಸುಂದರಾ